ತಮಾಷೆಗೂ ಒಬ್ಬ ಉತ್ತರದಾಯಿ ಬೇಡವೇ?

ರಮಝಾನಿನ ರಾತ್ರಿಯ ಕೊನೆಯ ಜಾವದಲ್ಲಿ ಮರದ ಕೊರಡನ್ನೋ ಡೋಲನ್ನೋ ಬಡಿಯುತ್ತಾ ಜನರನ್ನು ಸಹರಿಗೆ ಎಬ್ಬಿಸುವ ಪದ್ಧತಿ ಇಂಡೋನೇಶ್ಯದಲ್ಲಿ ಇಂದಿಗೂ ಇದೆ. ನಮ್ಮ ಹಳೆಯ ಮೊಹಲ್ಲಾಗಳಲ್ಲೂ ಹಾಡುತ್ತಾ, ದಫ್ ಬಡಿಯುತ್ತಾ ಮನೆ ಮನೆಯ ಮುಂದೆ ಸಾಗುವವರಿದ್ದರು. 2025ರ ರಮಝಾನ್ ಆರಂಭವಾಗುವ ಹೊತ್ತಿಗೆ ಇಂಡೋನೇಶ್ಯದ ಟಿಕ್‌ಟಾಕ್ ಬಳಕೆದಾರನೊಬ್ಬ ಆ ಸದ್ದಿಗೆ ಒಂದು ರೂಪ ಕೊಟ್ಟ. ಕಣ್ಣು, ಬಾಯಿ, ಕೈಕಾಲುಗಳಿರುವ ಒಂದು ಮರದ ದಿಮ್ಮಿ. ಅದರ ಕೈಯಲ್ಲೊಂದು ದೊಣ್ಣೆ. ಮೂರು ಬಾರಿ ಸಹರಿಗೆ ಕರೆದರೂ ಓಗೊಡದವನ ಮನೆಗೆ ಅದು ಬಂದೇ ಬರುತ್ತದೆ ಎಂಬುದು ತಮಾಷೆ. ಚಿತ್ರವನ್ನು ರಚಿಸಿದ್ದು ಕೃತಕ ಬುದ್ಧಿಮತ್ತೆ. ‘ತುಂಗ್ ತುಂಗ್ ತುಂಗ್ ಸಹುರ್’ ಎಂಬ ಹೆಸರಿನ ಈ ಪಾತ್ರವನ್ನು, ಸಹರಿ ಎಂದರೇನೆಂದೇ ಅರಿಯದ ದೇಶಗಳ ಮಕ್ಕಳು ಕೂಡಾ ಕೆಲವೇ ವಾರಗಳಲ್ಲಿ ಬಾಯಿಪಾಠ ಮಾಡಿಕೊಂಡರು.

ಇದೇ ಸಾಲಿನಲ್ಲಿ ಬಂದ ಇನ್ನೊಂದು ಪಾತ್ರವಿದೆ. ಮೊಸಳೆಯ ತಲೆ, ಬಾಂಬು ಹಾಕುವ ವಿಮಾನದ ದೇಹ. ಹೆಸರು ‘ಬೊಂಬಾರ್ಡಿರೊ ಕ್ರೊಕೊಡಿಲೊ’. ‘ಇಟಾಲಿಯನ್ ಬ್ರೇನ್‌ರಾಟ್’ ಎಂದು ಕರೆಯಲಾಗುವ, ಕೃತಕ ಬುದ್ಧಿಮತ್ತೆಯಿಂದ ತಯಾರಾದ ಅಸಂಬದ್ಧ ಹಾಸ್ಯದ ಸರಣಿಯ ಪಾತ್ರವದು. ಭಾರತದಲ್ಲಿ 2020ರಲ್ಲೇ ಟಿಕ್‌ಟಾಕ್ ನಿಷೇಧವಾಗಿದ್ದರೂ ಯೂಟ್ಯೂಬ್ ಮತ್ತು ಇನ್‌ಸ್ಟಾಗ್ರಾಮ್‌ಗಳ ಮೂಲಕ ಈ ಪಾತ್ರಗಳು ನಮ್ಮ ಪಟ್ಟಣಗಳ ಮನೆಗಳಿಗೂ ಬಂದಿವೆ. ಮೊಸಳೆ ಹಾರುವುದನ್ನು ಕಂಡು ಮಗು ನಗುತ್ತದೆ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಆದರೆ ಆ ದೃಶ್ಯದ ಜೊತೆ ಕೇಳಿಬರುವ ಇಟಾಲಿಯನ್ ಮಾತಿನ ಅರ್ಥವೇನೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಗಾಝಾ ಮತ್ತು ಫೆಲೆಸ್ತೀನಿನ ಮಕ್ಕಳ ಮೇಲೆ ಬಾಂಬು ಸುರಿಯುತ್ತಾ ಹಾರುವ ಮೊಸಳೆ ಎಂಬುದೇ ಅದರ ಮೂಲ ಸಾಹಿತ್ಯದ ತಿರುಳು. ಅದೇ ಸರಣಿಯ, ಬೂಟು ತೊಟ್ಟ ಮೂರು ಕಾಲಿನ ಶಾರ್ಕ್ ಮೀನಿನ ಹಾಡಿನ ಮೂಲದಲ್ಲಂತೂ ದೇವನನ್ನೂ ಅಲ್ಲಾಹನನ್ನೂ ನಿಂದಿಸುವ ಬೈಗುಳಗಳಿವೆ. ಗಾಝಾದ ಮಕ್ಕಳಿಗಾಗಿ ದುಆ ಮಾಡುವ ಮನೆಯಲ್ಲಿ, ಅದೇ ಮಕ್ಕಳ ಸಾವನ್ನು ತಮಾಷೆ ಮಾಡುವ ಹಾಡಿಗೆ ಮಗು ಚಪ್ಪಾಳೆ ತಟ್ಟುತ್ತಿದೆ ಎಂದಾದರೆ, ಈ ಹಾಸ್ಯದ ಬಗ್ಗೆ ನಾವು ಗಂಭೀರವಾಗಿ ಯೋಚಿಸಲೇಬೇಕಾಗಿದೆ.

ಕೃತಕ ಬುದ್ಧಿಮತ್ತೆಯ ಚಿತ್ರಗಳನ್ನು ಹಾಸ್ಯಕ್ಕೆ ಬಳಸುವ ಬಗ್ಗೆ ಜಗತ್ತಿನಾದ್ಯಂತ ದೊಡ್ಡ ಚರ್ಚೆಯೊಂದು ನಡೆಯುತ್ತಿದೆ. ಇದು ಕಲಾವಿದರ ಬೆವರಿನ ಕಳವು ಎಂದು ಒಂದು ಪಕ್ಷ ಹೇಳುತ್ತಿದೆ. ಲಕ್ಷಾಂತರ ಚಿತ್ರಕಾರರ ರಚನೆಗಳನ್ನು ಅವರ ಅನುಮತಿಯಿಲ್ಲದೆ ಯಂತ್ರಕ್ಕೆ ಉಣಿಸಿ, ಅದರಿಂದ ಹೊರಬಂದ ಚಿತ್ರದಿಂದ ಅವರದೇ ಅನ್ನ ಕಸಿಯಲಾಗುತ್ತಿದೆ ಎಂಬುದು ಅದರ ವಾದ. ಇನ್ನೊಂದು ಪಕ್ಷದ ಪ್ರಕಾರ ಇದು ಹಾಸ್ಯದ ಪ್ರಜಾಪ್ರಭುತ್ವ. ಕುಂಚ ಹಿಡಿಯಲು ಬಾರದವನಿಗೂ ತನ್ನ ಮನಸ್ಸಿನ ನಗೆಚಿತ್ರವನ್ನು ನಾಲ್ಕು ಸಾಲಿನ ಆದೇಶದಿಂದ ಮೂಡಿಸಲು ಸಾಧ್ಯವಾಗಿರುವುದು ಸಣ್ಣ ಸಂಗತಿಯೇ? ಅಷ್ಟಕ್ಕೂ ಮೀಮ್‌ಗಳು ಹಿಂದಿನಿಂದಲೂ ಪರರ ಚಿತ್ರಗಳನ್ನು ಎರವಲು ಪಡೆದೇ ಬೆಳೆದುವಲ್ಲವೇ?

ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ಎರಡೂ ಪಕ್ಷಗಳು ಚಿತ್ರದ ಒಡೆತನದ ಬಗ್ಗೆಯೇ ಜಗಳಾಡುತ್ತಿವೆ; ಚಿತ್ರದಿಂದ ಆಗುವ ಗಾಯದ ಹೊಣೆಯ ಬಗ್ಗೆ ಮಾತಾಡುವವರು ಕಡಿಮೆ. ಮರದ ದಿಮ್ಮಿಯ ಪಾತ್ರವನ್ನೇ ತೆಗೆದುಕೊಳ್ಳಿ. ರೋಬ್ಲಾಕ್ಸ್‌ನ ಜನಪ್ರಿಯ ಆಟವೊಂದರಲ್ಲಿ ಅದನ್ನು ಬಳಸಿಕೊಂಡಾಗ ಅದರ ಸೃಷ್ಟಿಕರ್ತನ ಪರವಾಗಿ ಹಕ್ಕಿನ ಪ್ರಶ್ನೆ ಎದ್ದಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾತ್ರವನ್ನು ಆಟದಿಂದ ತೆಗೆದು ಹಾಕಲಾಯಿತು. ತನ್ನ ಕಲ್ಪನೆಗೆ ಬೆಲೆ ಕೇಳುವುದು ಅವನ ಹಕ್ಕು, ನಿಜ. ಆದರೆ ಗಾಝಾದ ಮಕ್ಕಳನ್ನು ಗೇಲಿ ಮಾಡಿದ ಮಾತಿಗೆ ನಾನು ಹೊಣೆ ಎಂದು ಮುಂದೆ ಬಂದು ನಿಂತವರನ್ನು ನಾವು ಕಂಡಿಲ್ಲ. ಲಾಭಕ್ಕೆ ಒಡೆಯರಿದ್ದಾರೆ, ಅವಮಾನಕ್ಕೆ ಒಡೆಯರಿಲ್ಲ. ಈ ಹೊಸ ಹಾಸ್ಯದ ನಿಜವಾದ ಸಮಸ್ಯೆ ಇದುವೇ.

ಹಿಂದೆ ವ್ಯಂಗ್ಯಚಿತ್ರಕ್ಕೆ ಒಂದು ಸಹಿ ಇರುತ್ತಿತ್ತು. ಕನ್ನಡದ ‘ಕೊರವಂಜಿ’ಯಲ್ಲಿ ಬರೆಯುತ್ತಿದ್ದ ಕಾಲದಿಂದ ಹಿಡಿದು ಕೊನೆಯ ವರೆಗೂ ಆರ್.ಕೆ. ಲಕ್ಷ್ಮಣ್ ಅವರ ಚಿತ್ರ ಯಾರದೆಂಬ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಮಂತ್ರಿಗೆ ಸಿಟ್ಟು ಬಂದರೆ ಯಾರ ಮೇಲೆ ಬರಬೇಕೆಂಬುದು ಮಂತ್ರಿಗೂ ಗೊತ್ತಿತ್ತು, ಚಿತ್ರಕಾರನಿಗೂ ಗೊತ್ತಿತ್ತು. ಫೆಲೆಸ್ತೀನಿನ ನಾಜಿ ಅಲ್ ಅಲಿಯವರು ‘ಹಂಝಲ’ ಎಂಬ ಬರಿಗಾಲಿನ ಬಾಲಕನನ್ನು ಸೃಷ್ಟಿಸಿದರು. ಜಗತ್ತಿಗೆ ಬೆನ್ನು ಹಾಕಿ ನಿಂತ ಆ ಹುಡುಗನ ಮೂಲಕ ಅವರು ಇಸ್ರೇಲನ್ನು ಮಾತ್ರವಲ್ಲ, ಅರಬ್ ದೊರೆಗಳನ್ನೂ ಫೆಲೆಸ್ತೀನಿ ನಾಯಕರನ್ನೂ ಕುಟುಕಿದರು. 1987ರ ಜುಲೈ 22ರಂದು ಲಂಡನ್ನಿನ ಬೀದಿಯಲ್ಲಿ ಅವರ ಮೇಲೆ ಗುಂಡು ಹಾರಿಸಲಾಯಿತು. ಆಗಸ್ಟ್ 29ರಂದು ಅವರು ಕೊನೆಯುಸಿರೆಳೆದರು. ಅವರು ತಮ್ಮ ವ್ಯಂಗ್ಯಕ್ಕೆ ಪ್ರಾಣದ ಬೆಲೆ ತೆತ್ತರು. ಯಾವ ವ್ಯಂಗ್ಯಚಿತ್ರಕಾರನಿಗೂ ಇಂಥ ಸ್ಥಿತಿ ಬರಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ವ್ಯಂಗ್ಯಕ್ಕೆ ಅಷ್ಟೊಂದು ಬಲ ಬಂದುದಾದರೂ ಎಲ್ಲಿಂದ? ಅದರ ಹಿಂದೆ ಹೆಸರಿರುವ, ಮುಖವಿರುವ, ತನಗಿಂತ ಬಲಾಢ್ಯರನ್ನು ಎದುರು ಹಾಕಿಕೊಂಡ ಒಬ್ಬ ಮನುಷ್ಯನಿದ್ದ.

ಇದನ್ನು ಇಂದಿನ ಯಂತ್ರಹಾಸ್ಯದೊಂದಿಗೆ ಹೋಲಿಸಿ ನೋಡಿ. 2025ರ ಫೆಬ್ರವರಿ ಕೊನೆಯ ವಾರದಲ್ಲಿ ಅಮೇರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ತಮ್ಮ ಟ್ರೂತ್ ಸೋಶಿಯಲ್ ಖಾತೆಯಲ್ಲಿ ವೀಡಿಯೊವೊಂದನ್ನು ಹಾಕಿದರು. ಗಾಝಾದ ಅವಶೇಷಗಳ ಜಾಗದಲ್ಲಿ ಐಷಾರಾಮಿ ಕಡಲತೀರ, ಟ್ರಂಪ್‌ರ ಬಂಗಾರದ ಪ್ರತಿಮೆ, ಈಜುಕೊಳದ ಬಳಿ ಬಿಸಿಲು ಕಾಯುತ್ತಾ ಮಲಗಿರುವ ಟ್ರಂಪ್ ಮತ್ತು ನೆತನ್ಯಾಹು. ಎಲ್ಲವೂ ಕೃತಕ ಬುದ್ಧಿಮತ್ತೆಯ ಸೃಷ್ಟಿ. ಗಾಝಾದ ಆರೋಗ್ಯ ಸಚಿವಾಲಯದ ಲೆಕ್ಕದಂತೆ ಆ ಹೊತ್ತಿಗೆ ಅಲ್ಲಿ ಸತ್ತವರ ಸಂಖ್ಯೆ 48 ಸಾವಿರ ದಾಟಿತ್ತು. ಆ ವೀಡಿಯೊ ತಯಾರಿಸಿದವರು ಬಳಿಕ ಹೇಳಿದ್ದೇನು? ತಾವು ಅದನ್ನು ಟ್ರಂಪ್‌ರ ಯೋಜನೆಯನ್ನು ಅಣಕಿಸಲೆಂದೇ ಮಾಡಿದ್ದು, ಅವರು ತಮ್ಮನ್ನು ಕೇಳದೆ ಅದನ್ನು ಹಾಕಿಕೊಂಡರು ಎಂದು! ಅಂದರೆ, ಯಾರನ್ನು ಅಣಕಿಸಲಾಗಿತ್ತೋ ಆತನೇ ಅಣಕವನ್ನು ತನ್ನ ಜಾಹೀರಾತಾಗಿ ಬಳಸಿಕೊಂಡರು. ಅಣಕ ಯಾವುದು, ಜಾಹೀರಾತು ಯಾವುದೆಂದು ಬೇರ್ಪಡಿಸುವ ಸಹಿ ಅದರ ಮೇಲೆ ಇರಲಿಲ್ಲ. ಮನೆ ಕಳಕೊಂಡು ಗುಡಾರದಲ್ಲಿ ಕುಳಿತಿದ್ದವರಿಗೆ ಅದು ಯಾವುದಾದರೇನು?

ಅದಾಗಿ ಒಂದೇ ತಿಂಗಳು. ಮಾರ್ಚ್ 25ರಂದು ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿಯಲ್ಲಿ ಹೊಸ ಚಿತ್ರರಚನಾ ಸೌಲಭ್ಯವನ್ನು ಬಿಡುಗಡೆ ಮಾಡಿತು. ಜಪಾನಿನ ಪ್ರಸಿದ್ಧ ಸ್ಟುಡಿಯೋ ಗಿಬ್ಲಿಯ ಕೈಬರಹದ ಶೈಲಿಯಲ್ಲಿ ತಮ್ಮ ಫೋಟೋಗಳನ್ನು ಮೂಡಿಸಿಕೊಳ್ಳುವ ಭರಾಟೆ ಜಗತ್ತಿನೆಲ್ಲೆಡೆ ಶುರುವಾಯಿತು. ಮದುವೆಯ ಚಿತ್ರ, ಮಕ್ಕಳ ಚಿತ್ರ, ಅಜ್ಜಿಯ ಚಿತ್ರ. ನಮ್ಮ ಮನೆಗಳಲ್ಲೂ ಇದು ನಡೆದಿದೆ. ಆದರೆ ಎರಡೇ ದಿನಗಳಲ್ಲಿ ಅಮೇರಿಕದ ಶ್ವೇತಭವನವು ತನ್ನ ಅಧಿಕೃತ ಖಾತೆಯಲ್ಲಿ, ಬಂಧನಕ್ಕೊಳಗಾಗಿ ಅಳುತ್ತಿದ್ದ ಓರ್ವ ವಲಸಿಗ ಮಹಿಳೆಯ ಚಿತ್ರವನ್ನು ಇದೇ ಮುದ್ದು ಶೈಲಿಯಲ್ಲಿ ಪ್ರಕಟಿಸಿತು. ಆಕೆ ಮಾದಕ ವಸ್ತುವಿನ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದಾಕೆ ಎಂಬುದು ಸರಕಾರದ ಸಮರ್ಥನೆ. ಇರಬಹುದು. ಆದರೆ ಅಪರಾಧಿಯ ಕಣ್ಣೀರನ್ನು ಸರಕಾರವೇ ನಗೆಚಿತ್ರವಾಗಿಸಬೇಕೆಂದು ಯಾವ ನ್ಯಾಯಾಲಯವೂ ತೀರ್ಪು ನೀಡಿರಲಿಲ್ಲ.

ಗಿಬ್ಲಿಯ ಸ್ಥಾಪಕರಲ್ಲೊಬ್ಬರಾದ ಹಯಾವೊ ಮಿಯಾಝಾಕಿಯವರಿಗೆ 2016ರಲ್ಲೇ ಕೆಲವರು ಕೃತಕ ಬುದ್ಧಿಮತ್ತೆಯ ಚಲನಚಿತ್ರದ ಪ್ರಯೋಗವೊಂದನ್ನು ತೋರಿಸಿದ್ದರು. ವಿಕಾರವಾಗಿ ತೆವಳುವ ದೇಹವೊಂದು ಅದರಲ್ಲಿತ್ತು. ಅದನ್ನು ನೋಡಿದ ಮಿಯಾಝಾಕಿಯವರಿಗೆ ನೆನಪಾದುದು ಅಂಗವೈಕಲ್ಯದಿಂದ ಬಳಲುತ್ತಿದ್ದ ತನ್ನ ಓರ್ವ ಸ್ನೇಹಿತ. ಇದು ಬದುಕಿಗೇ ಮಾಡುವ ಅವಮಾನ ಎಂಬರ್ಥದಲ್ಲಿ ಅವರು ಕಟುವಾಗಿ ಪ್ರತಿಕ್ರಿಯಿಸಿದರು. ಈ ಘಟನೆಯನ್ನು ಯಂತ್ರದ ಮೇಲಿನ ಕಲಾವಿದನ ಸಿಟ್ಟು ಎಂದಷ್ಟೇ ನೋಡಲಾಗುತ್ತಿದೆ. ನಿಜವಾಗಿ ಅವರು ಯಂತ್ರದ ಸಾಮರ್ಥ್ಯದ ಬಗ್ಗೆ ಯೋಚಿಸಲಿಲ್ಲ. ಇದನ್ನು ನೋಡಿದರೆ ನನ್ನ ಗೆಳೆಯನಿಗೆ ಏನನಿಸೀತು ಎಂದು ಯೋಚಿಸಿದರು. ಹಾಸ್ಯಕ್ಕೂ ಇದೇ ಅಳತೆಗೋಲು ಸಾಕು.

ಈ ಅಳತೆಗೋಲನ್ನು ನಮ್ಮ ದೇಶಕ್ಕೆ ಅನ್ವಯಿಸಿದರೆ ಚಿತ್ರ ಇನ್ನಷ್ಟು ಕರಾಳವಾಗುತ್ತದೆ. 2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’, 2022ರ ಜನವರಿ 1ರಂದು ‘ಬುಲ್ಲಿ ಬಾಯಿ’. ಪತ್ರಕರ್ತೆಯರು, ಹೋರಾಟಗಾರ್ತಿಯರು ಸೇರಿದಂತೆ ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಕದ್ದು ಅವರನ್ನು ‘ಹರಾಜಿ’ಗಿಡಲಾಯಿತು. ಎರಡನೆಯ ಪ್ರಕರಣದಲ್ಲಿ ಮುಂಬೈ ಪೊಲೀಸರು ಮೊದಲು ಹಿಡಿದದ್ದು ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು. ಆಗ ಕೃತಕ ಬುದ್ಧಿಮತ್ತೆಯ ಚಿತ್ರಗಳು ಜನರ ಕೈಗೆ ಇನ್ನೂ ಬಂದಿರಲಿಲ್ಲ. ಕದಿಯಲು ಕನಿಷ್ಠ ಒಂದು ನಿಜವಾದ ಫೋಟೋ ಬೇಕಿತ್ತು. ಈಗ ಅದೂ ಬೇಕಾಗಿಲ್ಲ.

ವಾಷಿಂಗ್ಟನ್ ಮೂಲದ ‘ಸೆಂಟರ್ ಫಾರ್ ದಿ ಸ್ಟಡಿ ಆಫ್ ಆರ್ಗನೈಸ್ಡ್ ಹೇಟ್’ ಸಂಸ್ಥೆಯು 2025ರ ಸೆಪ್ಟೆಂಬರ್‌ನಲ್ಲಿ ವರದಿಯೊಂದನ್ನು ಪ್ರಕಟಿಸಿತು. 2023ರ ಮೇಯಿಂದ 2025ರ ಮೇ ವರೆಗೆ ಎಕ್ಸ್, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗಳ 297 ಖಾತೆಗಳಲ್ಲಿ ಬಂದ, ಭಾರತದ ಮುಸ್ಲಿಮರನ್ನು ಗುರಿಯಾಗಿಸಿದ 1,326 ಕೃತಕ ಚಿತ್ರ ಹಾಗೂ ವೀಡಿಯೊಗಳನ್ನು ಅದು ಪರಿಶೀಲಿಸಿತ್ತು. ಅವುಗಳಲ್ಲಿ ಅತ್ಯಧಿಕ ಪ್ರತಿಕ್ರಿಯೆ ಪಡೆದದ್ದು ಯಾವುದು ಗೊತ್ತೇ? ಮುಸ್ಲಿಮ್ ಮಹಿಳೆಯರನ್ನು ಲೈಂಗಿಕ ವಸ್ತುಗಳಾಗಿ ಬಿಂಬಿಸಿದ ಚಿತ್ರಗಳು. ಹಿಂಸೆಯನ್ನು ಸುಂದರಗೊಳಿಸಿ ತೋರಿಸುವ ಚಿತ್ರಗಳನ್ನು ಆ ವರದಿ ಪ್ರತ್ಯೇಕ ವಿಭಾಗವಾಗಿಯೇ ಗುರುತಿಸಿದೆ. ದ್ವೇಷವು ದ್ವೇಷದ ಮುಖ ಹೊತ್ತು ಬಂದರೆ ಸಜ್ಜನನಾದ ನೆರೆಯವನು ಅದನ್ನು ತಿರಸ್ಕರಿಸುತ್ತಾನೆ. ಅದೇ ದ್ವೇಷ ಮುದ್ದಾದ ವ್ಯಂಗ್ಯಚಿತ್ರವಾಗಿ ಬಂದರೆ, ಆತ ಅರಿವಿಲ್ಲದೆ ನಕ್ಕು ಮುಂದಕ್ಕೆ ಕಳುಹಿಸುತ್ತಾನೆ. ನಕ್ಕ ಮೇಲೆ ಪ್ರತಿಭಟಿಸುವುದು ಕಷ್ಟ.

2025ರ ಕೊನೆ ಮತ್ತು 2026ರ ಆರಂಭದಲ್ಲಿ ಇದರ ಇನ್ನೊಂದು ಮುಖ ಬಯಲಾಯಿತು. ಎಕ್ಸ್ ಜಾಲತಾಣದ ‘ಗ್ರೋಕ್’ ಎಂಬ ಕೃತಕ ಬುದ್ಧಿಮತ್ತೆಗೆ, ಮಹಿಳೆಯರ ಫೋಟೋ ತೋರಿಸಿ ಅವರ ಬಟ್ಟೆ ತೆಗೆಯುವಂತೆ ಆದೇಶಿಸುವುದೇ ಒಂದು ಬಹಿರಂಗ ಆಟವಾಯಿತು. ಹಿಜಾಬ್ ತೊಟ್ಟವರ ಹಿಜಾಬ್ ತೆಗೆಸಲಾಯಿತು. ಸೀರೆ ಉಟ್ಟವರನ್ನೂ ಬಿಡಲಿಲ್ಲ. ನಮ್ಮ ಕೇಂದ್ರ ಸರಕಾರ ಜನವರಿ 2ರಂದು ಎಕ್ಸ್‌ಗೆ ನೋಟೀಸು ನೀಡಿತು. ಇಂಡೋನೇಶ್ಯ ಮತ್ತು ಮಲೇಶ್ಯಗಳು ಗ್ರೋಕನ್ನು ತಾತ್ಕಾಲಿಕವಾಗಿ ನಿರ್ಬಂಧಿಸಿದುವು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಿಜಾಬಿಗೂ ಸೀರೆಗೂ ಈ ಯಂತ್ರ ಭೇದ ಮಾಡಲಿಲ್ಲ. ಇದು ಒಂದು ಸಮುದಾಯದ ದೂರು ಮಾತ್ರವಲ್ಲ. ನಮ್ಮ ನೆರೆಮನೆಯ ಹಿಂದೂ ಸೋದರಿಯ ಮಾನವೂ ನಮ್ಮ ಮಗಳ ಮಾನವೂ ಇಲ್ಲಿ ಒಂದೇ ತಕ್ಕಡಿಯಲ್ಲಿವೆ. 2023ರ ನವೆಂಬರ್‌ನಲ್ಲಿ ನಮ್ಮದೇ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬಳ ದೇಹಕ್ಕೆ ಅಂಟಿಸಿದಾಗ ದೇಶ ಬೆಚ್ಚಿತು. ಹೆಸರಿಲ್ಲದ ಪಟ್ಟಣದ ಹುಡುಗಿಗೆ ಹೀಗಾದರೆ ಬೆಚ್ಚುವವರು ಯಾರು?

ಇಂಥ ಪ್ರತಿ ಪ್ರಕರಣದಲ್ಲೂ ಕೇಳಿ ಬರುವ ಮೂರು ಉತ್ತರಗಳಿವೆ. ‘ನಾನು ಬರೆದದ್ದಲ್ಲ, ಯಂತ್ರ ಬರೆದದ್ದು’ ಎನ್ನುತ್ತಾನೆ ಆದೇಶ ಕೊಟ್ಟವ. ‘ನಾವು ಸಾಧನವನ್ನಷ್ಟೇ ಕೊಟ್ಟಿದ್ದೇವೆ, ಬಳಸಿದವರನ್ನು ಕೇಳಿ’ ಎನ್ನುತ್ತದೆ ಕಂಪೆನಿ. ‘ನನಗೆ ಬಂದದ್ದನ್ನು ಕಳುಹಿಸಿದೆ, ಅಷ್ಟೇ’ ಎನ್ನುತ್ತಾನೆ ಹಂಚಿದವ. ಗಾಯಗೊಂಡವಳು ಮಾತ್ರ ಒಬ್ಬಳೇ ಉಳಿಯುತ್ತಾಳೆ. ಆಕೆ ದೂರಿದರೆ ನಾಲ್ಕನೆಯ ಉತ್ತರವೊಂದು ಸಿದ್ಧವಿರುತ್ತದೆ: ‘ಇಷ್ಟೊಂದು ತಮಾಷೆಯನ್ನೂ ಸಹಿಸಲಾರೆಯಾ?’

ಸ್ಪೈನ್‌ನ ಅಲ್ಮೆಂದ್ರಲೇಹೊ ಎಂಬ ಸಣ್ಣ ಪಟ್ಟಣದ ತಾಯಂದಿರು ಈ ಉತ್ತರವನ್ನು ಒಪ್ಪಲಿಲ್ಲ. 2023ರಲ್ಲಿ ಅಲ್ಲಿನ ಇಪ್ಪತ್ತಕ್ಕೂ ಹೆಚ್ಚು ಬಾಲಕಿಯರ ಫೋಟೋಗಳನ್ನು ಅವರ ಜೊತೆ ಕಲಿಯುವ ಹುಡುಗರೇ ಒಂದು ಆ್ಯಪ್ ಮೂಲಕ ನಗ್ನಚಿತ್ರಗಳಾಗಿಸಿ ವಾಟ್ಸ್ಯಾಪ್ ಗುಂಪುಗಳಲ್ಲಿ ಹಂಚಿದ್ದರು. ತಾಯಂದಿರು ಅವಮಾನದಿಂದ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಒಟ್ಟಾಗಿ ಮುಂದೆ ಬಂದು ದೂರು ಕೊಟ್ಟರು. 2024ರ ಜುಲೈಯಲ್ಲಿ ನ್ಯಾಯಾಲಯವು 15 ಮಂದಿ ಅಪ್ರಾಪ್ತರನ್ನು ತಪ್ಪಿತಸ್ಥರೆಂದು ಪರಿಗಣಿಸಿ ಒಂದು ವರ್ಷದ ನಿಗಾವಣೆಗೆ ಒಳಪಡಿಸಿತು. ಸ್ತ್ರೀ ಸಮಾನತೆ ಮತ್ತು ತಂತ್ರಜ್ಞಾನದ ಸರಿಯಾದ ಬಳಕೆಯ ಬಗ್ಗೆ ಪಾಠ ಕೇಳುವಂತೆಯೂ ಆದೇಶಿಸಿತು. ನಮ್ಮ ಪಟ್ಟಣಗಳಲ್ಲಿ ಇಂಥದ್ದು ನಡೆದರೆ ಏನಾದೀತು? ಹುಡುಗಿಯ ಕೈಯಿಂದ ಮೊಬೈಲ್ ಕಸಿದು, ಆಕೆಯ ಕಾಲೇಜು ಬಿಡಿಸಿ, ಹುಡುಗನ ಭವಿಷ್ಯ ಹಾಳಾಗಬಾರದೆಂದು ಪ್ರಕರಣವನ್ನು ಮುಚ್ಚಿ ಹಾಕುವ ಹಿರಿಯರು ನಮ್ಮಲ್ಲಿಲ್ಲವೇ? ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳೋಣ.

ಕಾನೂನು ಏನನ್ನೂ ಮಾಡಿಲ್ಲ ಎಂದಲ್ಲ. 2026ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ತಿದ್ದುಪಡಿ ಮಾಡಿದ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಕೃತಕವಾಗಿ ತಯಾರಾದ ಚಿತ್ರಗಳಿಗೆ ಗುರುತು ಪಟ್ಟಿ ಹಾಕಬೇಕು. ಸರಕಾರ ಅಥವಾ ನ್ಯಾಯಾಲಯದ ಆದೇಶ ಬಂದರೆ ಮೂರು ಗಂಟೆಗಳೊಳಗೆ ತೆಗೆಯಬೇಕು. ಇದು ಅಗತ್ಯವೇ. ಆದರೆ ಇದರ ಎರಡು ಮಿತಿಗಳನ್ನು ಮರೆಯಬಾರದು. ಮೊದಲನೆಯದಾಗಿ, ಇದೇ ಮೂರು ಗಂಟೆಯ ಅಧಿಕಾರವನ್ನು ಸರಕಾರವನ್ನು ಅಣಕಿಸುವ ನಿಜವಾದ ವ್ಯಂಗ್ಯದ ವಿರುದ್ಧವೂ ಬಳಸಬಹುದು. ಪ್ರಭುತ್ವವನ್ನು ನಗೆಯಾಡುವ ಹಕ್ಕು ಕಳಕೊಂಡ ಸಮಾಜದಲ್ಲಿ ಅಲ್ಪಸಂಖ್ಯಾತರು ಸುರಕ್ಷಿತವಾಗಿರುವುದಿಲ್ಲ. ಎರಡನೆಯದಾಗಿ, ‘ಇದು ಯಂತ್ರದ ಚಿತ್ರ’ ಎಂಬ ಪಟ್ಟಿ ಗಾಯವನ್ನು ತಡೆಯುವುದಿಲ್ಲ. ಶ್ವೇತಭವನದ ಚಿತ್ರ ಕೃತಕವೆಂದು ನೋಡಿದವರಿಗೆಲ್ಲ ಗೊತ್ತಿತ್ತು. ಹಾರುವ ಮೊಸಳೆ ನಿಜವೆಂದು ಯಾವ ಮಗುವೂ ನಂಬಿಲ್ಲ. ಪ್ರಶ್ನೆ ಇರುವುದು ಅಸಲಿಯೋ ನಕಲಿಯೋ ಎಂಬುದರಲ್ಲಿ ಅಲ್ಲ. ಇದಕ್ಕೆ ಉತ್ತರ ಹೇಳುವವರು ಯಾರು ಎಂಬುದರಲ್ಲಿ.

ಈ ನಕಲಿಗಳ ರಾಶಿಯಿಂದ ಅಸಲಿಗೂ ಏಟು ಬಿದ್ದಿದೆ. 2025ರ ಆಗಸ್ಟ್‌ನಲ್ಲಿ, ಹಸಿವಿನಿಂದ ಎಲುಬುಗೂಡಾದ ಗಾಝಾದ ಬಾಲಕಿಯೊಬ್ಬಳ ಫೋಟೋ ಪ್ರಕಟವಾಯಿತು. ಎಎಫ್‌ಪಿ ಸುದ್ದಿಸಂಸ್ಥೆಯ ಛಾಯಾಗ್ರಾಹಕ ತೆಗೆದ ನೈಜ ಚಿತ್ರವದು. ಆದರೆ ಬಳಕೆದಾರರು ವಿಚಾರಿಸಿದಾಗ ಇದೇ ಗ್ರೋಕ್, ಅದು 2018ರ ಯಮನ್‌ನ ಚಿತ್ರ ಎಂದು ಬಿಟ್ಟಿತು. ದಿನಕ್ಕೆ ನೂರು ನಕಲಿ ಚಿತ್ರ ನೋಡಿ ನಕ್ಕವನಿಗೆ ನೂರ ಒಂದನೆಯ ಅಸಲಿ ಚಿತ್ರ ಕಂಡಾಗ ಅಳು ಬರುವುದಿಲ್ಲ, ಸಂಶಯ ಬರುತ್ತದೆ. ಕ್ಯಾಮರಾ ಬಿಟ್ಟರೆ ಬೇರೆ ಸಾಕ್ಷಿಯಿಲ್ಲದ ದುರ್ಬಲರಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ?

ಹಾಗಂತ, ದೂರುಗಳನ್ನು ಪಟ್ಟಿ ಮಾಡಿ ಕೈತೊಳೆದುಕೊಂಡರೆ ಸಾಲದು. ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಏನು ನಡೆಯುತ್ತಿದೆ? ವಿರೋಧಿ ನಾಯಕರಿಗೆ ಹೆಣ್ಣಿನ ವೇಷ ತೊಡಿಸಿದ ಚಿತ್ರ, ಇನ್ನೊಂದು ಪಂಗಡದ ವಿದ್ವಾಂಸರನ್ನು ಪ್ರಾಣಿಗೆ ಹೋಲಿಸಿದ ಚಿತ್ರ, ಪರಧರ್ಮದ ಪೂಜ್ಯರನ್ನು ಗೇಲಿ ಮಾಡಿದ ಚಿತ್ರ. ಇವು ನಮ್ಮ ಬೆರಳುಗಳನ್ನು ದಾಟಿ ಹೋಗುತ್ತಿಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲೆವೇ? ಪವಿತ್ರ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯವು ಒಂದು ಜನಾಂಗ ಇನ್ನೊಂದನ್ನು ಪರಿಹಾಸ್ಯ ಮಾಡುವುದನ್ನೂ ಅಡ್ಡಹೆಸರಿಟ್ಟು ಕರೆಯುವುದನ್ನೂ ನಿಷೇಧಿಸುತ್ತದೆ. ಅಲ್ಲಿ ಸ್ತ್ರೀಯರನ್ನು ಪ್ರತ್ಯೇಕವಾಗಿ ಹೆಸರಿಸಲಾಗಿದೆ. ಆದರೆ ಯಂತ್ರ ಬರೆದರೆ ಪರವಾಗಿಲ್ಲ ಎಂಬ ವಿನಾಯಿತಿಯನ್ನು ಅಲ್ಲಿ ಯಾರೂ ಕಾಣಲಾರರು.

ಹಾಗಾದರೆ ಮಾಡಬೇಕಾದುದೇನು? ಮಕ್ಕಳ ಕೈಯಿಂದ ಮೊಬೈಲ್ ಕಸಿಯುವುದು ಸುಲಭ. ಮಕ್ಕಳ ಜೊತೆ ಕುಳಿತು ‘ಇದರ ಮಾತಿನ ಅರ್ಥವೇನು ಮಗಾ?’ ಎಂದು ಕೇಳುವುದು ಕಷ್ಟ. ಕಷ್ಟದ ದಾರಿಯನ್ನೇ ಆರಿಸೋಣ. ಮರದ ದಿಮ್ಮಿಯನ್ನು ಕಂಡು ನಗುವ ಮಗುವಿಗೆ ಸಹರಿಗೆ ಎಬ್ಬಿಸುತ್ತಿದ್ದವರ ಕಥೆ ಹೇಳೋಣ. ಆ ನಗುವಿನಲ್ಲಿ ಯಾರಿಗೂ ನೋವಿಲ್ಲ. ಬಾಂಬು ಹಾಕುವ ಮೊಸಳೆಯನ್ನು ಕಂಡು ನಗುವ ಮಗುವಿಗೆ, ಆ ಬಾಂಬು ಯಾರ ಮೇಲೆ ಬೀಳುತ್ತಿದೆಯೆಂದು ಅದರ ವಯಸ್ಸಿಗೆ ತಕ್ಕಂತೆ ತಿಳಿಸೋಣ. ಮಗು ತಾನಾಗಿಯೇ ಅದನ್ನು ಬದಿಗಿಟ್ಟೀತು. ಗುಂಪುಗಳ ಅಡ್ಮಿನ್‌ಗಳು ಒಂದು ಸರಳ ನಿಯಮ ಮಾಡಲಿ: ಯಾರು ತಯಾರಿಸಿದ್ದೆಂದು ಗೊತ್ತಿಲ್ಲದ ಚಿತ್ರವನ್ನು ಹಾಕುವವರು ಅದನ್ನು ತಮ್ಮದೇ ಮಾತೆಂದು ಒಪ್ಪಿಕೊಂಡು ಹಾಕಬೇಕು. ಮಸೀದಿ ಸಮಿತಿಗಳು, ಶಾಲಾ ಆಡಳಿತಗಳು, ಮಹಿಳಾ ಸಂಘಗಳು ಒಟ್ಟಾಗಿ, ಚಿತ್ರದ ಮೂಲಕ ಅವಮಾನಕ್ಕೀಡಾದ ಹುಡುಗಿ ಮೊದಲು ಯಾರ ಬಳಿ ಹೋಗಬೇಕು, ಪೊಲೀಸರಿಗೆ ದೂರು ಕೊಡಲು ಆಕೆಯ ಜೊತೆ ಯಾರು ನಿಲ್ಲಬೇಕು ಎಂಬುದನ್ನು ಇಂದೇ ತೀರ್ಮಾನಿಸಲಿ. ಘಟನೆ ನಡೆದ ಮೇಲೆ ಸಭೆ ಕರೆಯುವುದರಲ್ಲಿ ಅರ್ಥವಿಲ್ಲ.

ನಗುವುದು ಪಾಪವಲ್ಲ. ನಗದ ಸಮಾಜ ಆರೋಗ್ಯವಂತ ಸಮಾಜವೂ ಅಲ್ಲ. ಆದರೆ ಯಾರ ಮೇಲೆ ನಗುತ್ತಿದ್ದೇವೆಯೋ ಆತನ ಮುಂದೆ ನಿಂತು, ನಮ್ಮ ಹೆಸರು ಹೇಳಿ, ಅದೇ ಮಾತನ್ನು ಆಡಲು ನಮ್ಮಿಂದ ಸಾಧ್ಯವೇ? ಸಾಧ್ಯವಿದ್ದರೆ ಅದು ವ್ಯಂಗ್ಯ, ಅದು ವಿಮರ್ಶೆ, ಅದು ಹಾಸ್ಯ. ಸಾಧ್ಯವಿಲ್ಲವೆಂದಾದರೆ ಅದು ಕತ್ತಲಲ್ಲಿ ಎಸೆದ ಕಲ್ಲು. ಯಂತ್ರಕ್ಕೆ ವಿಚಾರಣೆಯ ದಿನವಿಲ್ಲ. ಆ ಕಲ್ಲನ್ನು ಮುಂದಕ್ಕೆ ಎಸೆದ ಬೆರಳಿಗಿದೆ.